ಮುಗಿಯದ ಮಣ್ಣಿನ ಭರಣಿ

ಮೂವತ್ತು ವರ್ಷ ಬಳಸಿದರೂ ಒಂದು ಭರಣಿ ಮಣ್ಣು ಮುಗಿಯುವುದಿಲ್ಲ ಎಂದರೆ ಏನರ್ಥ? ಜುಲೈ ನಾಲ್ಕರ ಬೆಳಿಗ್ಗೆ ಇಡೀ ಅಮೆರಿಕ ಬಾವುಟ ಕಟ್ಟುತ್ತಿದ್ದರೆ, ಅಯೋವಾದ ಒಂದು ಸಣ್ಣ ಊರಿನ ಅಡುಗೆಮನೆಯಲ್ಲಿ ಡೆಲ್ಬರ್ಟ್ ಹ್ಯಾಸ್ಕಿನ್ಸ್ ತಲೆ ಕೆರೆದುಕೊಳ್ಳುತ್ತಿದ್ದ. (ಕೈಯಲ್ಲಿ ಕೆಸರಿತ್ತು, ತಲೆಗೂ ಆಯಿತು.)

ಬೇಸ್‌ಬಾಲಿನ ಹೊಸ ಚೆಂಡು ಎಸೆಯುವವನ ಕೈಯಲ್ಲಿ ಜಾರುತ್ತದೆ. ಅದಕ್ಕೇ ಆಟಕ್ಕೆ ಮುಂಚೆ ನಯವಾದ ಕೆಸರು ಹಚ್ಚಿ ಉಜ್ಜಬೇಕು. ಸ್ವಾತಂತ್ರ್ಯ ದಿನದ ಊರಾಟಕ್ಕೆ ಚೆಂಡು ಉಜ್ಜುವ ಹಕ್ಕು ತಲೆತಲಾಂತರದಿಂದ ಹ್ಯಾಸ್ಕಿನ್ಸ್ ವಂಶದ್ದು. ತಾತ ಏಮಸ್ ಯಾವುದೋ ಹೊಳೆಯ ದಂಡೆಯಿಂದ ಮಣ್ಣು ತರುತ್ತಿದ್ದನಂತೆ. ಜಾಗ ಯಾರಿಗೂ ಹೇಳದೆ ತೀರಿಕೊಂಡ. ಡೆಲ್ಬರ್ಟನಿಗೆ ಬದುಕಿನಲ್ಲಿ ಬೇರೆ ಬಿರುದುಬಾವಲಿ ಇರಲಿಲ್ಲ. ಇದ್ದ ಇದೊಂದನ್ನೇ ಕಿರೀಟದಂತೆ ಹೊತ್ತು ತಿರುಗುತ್ತಿದ್ದ.

"ಲೋರ್ನಾ, ಹೋದ ವರ್ಷ ತಳದಲ್ಲಿ ಎರಡು ಬೆರಳಷ್ಟು ಉಳಿದಿತ್ತು ಕಣೇ. ನಾನೇ ಗೆರೆ ಹಾಕಿದ್ದೆ. ಈಗ ನೋಡು, ಕತ್ತಿನ ತನಕ ಇದೆ!"

"ಸಲಾಡಿಗೆ ಕೆಸರು ಹಾರತ್ತೆ, ಆ ಕಡೆ ಹೋಗ್ರೀ," ಎಂದಳು ಹೆಂಡತಿ, ಆಲೂಗಡ್ಡೆಯಿಂದ ಕಣ್ಣೆತ್ತದೆ.

"ತಾತನ ಪವಾಡ ಇದು! ಅಕ್ಷಯಪಾತ್ರೆ!"

"ಆಗ್ಲಿ. ಊರ ಮುಂದೆ ಮಾತ್ರ ಬಾಯಿ ಬಿಡ್ಬೇಡಿ."

ಹೀಗೆ ಹೇಳಿಸಿಕೊಂಡ ಮೇಲೆ ಯಾವ ಗಂಡ ಸುಮ್ಮನಿರುತ್ತಾನೆ?

ಮೈದಾನದಲ್ಲಿ ಪಕ್ಕದ ಮನೆಯ ವೆಂಡೆಲ್ ಎಂದಿನಂತೆ ಕೆಣಕಿದ. "ಮಣ್ಣು ಅಂದ್ರೆ ಮಣ್ಣೇ ಕಣಯ್ಯ. ನಮ್ಮ ಹಿತ್ತಲಲ್ಲೂ ಸಿಗತ್ತೆ."

ಡೆಲ್ಬರ್ಟ್ ಧ್ವನಿವರ್ಧಕವನ್ನೇ ಕಿತ್ತುಕೊಂಡ. "ಹಿತ್ತಲ ಮಣ್ಣಾ? ತಾತನ ಮಣ್ಣನ್ನ ನಾನು ಕಣ್ಣು ಮುಚ್ಚಿ ಮೂಸಿ ಹೇಳ್ತೀನಿ! ಇದರಲ್ಲಿ ಹಿತ್ತಲದ್ದು ಒಂದು ಚಿಟಿಕೆ ಇದ್ರೂ ಈ ಹಕ್ಕು ಇವತ್ತೇ ಬಿಟ್ಟೆ!"

ಊರೆಲ್ಲ ಮೂಸಲಿ ಎಂದು ಭರಣಿಯನ್ನು ತಟ್ಟೆಗೆ ಬೋರಲು ಹಾಕಿದ. ಕೆಸರಿನ ಜೊತೆಗೆ ಒಂದು ಮರದ ಪಟ್ಟಿಯೂ ಬಿತ್ತು, ಸಸಿಯ ಪಕ್ಕ ಹೆಸರು ಬರೆದು ನೆಡುತ್ತಾರಲ್ಲ, ಅಂಥದ್ದು. ವೆಂಡೆಲ್ ಒರೆಸಿ ಗಟ್ಟಿಯಾಗಿ ಓದಿದ: "ಟೊಮೇಟೊ, ಮೂರನೇ ಮಡಿ."

"ಅಯ್ಯೋ, ಕಲಸೋಕೆ ತಗೊಂಡಿದ್ದೆ! ಒಂದು ತಿಂಗಳಿಂದ ಹುಡುಕ್ತಿದ್ದೀನಿ," ಎಂದು ಲೋರ್ನಾಳ ಬಾಯಿಂದ ಹಾರಿಯೇ ಹೋಯಿತು.

ಊರೆಲ್ಲ ಅವಳತ್ತ ತಿರುಗಿತು. ಡೆಲ್ಬರ್ಟನ ಮುಖ ನೋಡಲಾಗದೆ ಅವಳೇ ಮೆಲ್ಲಗೆ ಹೇಳಿದಳು. "ನಿಮ್ಮ ತಾತ ಯಾವ ಹೊಳೆಗೂ ಹೋದೋರಲ್ಲ ರೀ. ಭರಣಿ ತುಂಬಿಸ್ತಿದ್ದಿದ್ದು ಅಜ್ಜಿ, ಹಿತ್ತಲ ಮಣ್ಣಲ್ಲೇ. ಮದುವೆ ದಿನಾನೇ ನನಗೆ ಹೇಳಿಕೊಟ್ರು. ಮೂರು ಸಲ ಜರಡಿ ಹಿಡಿದು, ಮಳೆನೀರಲ್ಲಿ ಕಲಸಬೇಕು. ಗಂಡಸರಿಗೆ ಗೊತ್ತಾದ್ರೆ ಉಜ್ಜೋ ಉತ್ಸಾಹ ಹೋಗತ್ತೆ ಅಂದಿದ್ರು."

ಮಾತು ಮಾತೇ. ಹಕ್ಕು ಅಲ್ಲೇ ಕೈಬಿಟ್ಟು ಹೋಯಿತು. ವೆಂಡೆಲ್ ಆಸೆಯಿಂದ ಕೈ ಚಾಚಿದ. ಊರಿನವರು ಚೆಂಡಿನ ಬುಟ್ಟಿಯನ್ನು ಅವನ ಮೂಗಿನ ಕೆಳಗಿನಿಂದಲೇ ದಾಟಿಸಿ ಲೋರ್ನಾಳ ಮಡಿಲಿಗೆ ಹಾಕಿದರು. ಚಪ್ಪಾಳೆಯೋ ಚಪ್ಪಾಳೆ. ಡೆಲ್ಬರ್ಟನ ಎದೆ ಚುರುಕ್ಕೆಂದಿತು, ನಿಜ. ಆದರೂ ಅವಳು ಮೊದಲ ಚೆಂಡು ಉಜ್ಜಿದ ಹದ ನೋಡಿ ಅವನ ಕುತೂಹಲ ಮತ್ತೆ ತಲೆಯೆತ್ತಿತು.

"ಅಲ್ವೇ, ಅಜ್ಜಿಗೆ ಇದನ್ನ ಯಾರು ಹೇಳಿಕೊಟ್ಟಿದ್ದು?"

ಲೋರ್ನಾ ಅವನ ಕೈಗೆ ಖಾಲಿ ಭರಣಿ ಕೊಟ್ಟಳು.

"ಹತ್ತು ವರ್ಷ ಜರಡಿ ಹಿಡೀರಿ, ಆಮೇಲೆ ಹೇಳ್ತೀನಿ."