ಆರನೇ ಗುಂಡಿಗೆ ನ್ಯಾಯ ಕೊಡಿಸಿದ್ದು

ಎರಡು ಬಾಗಿಲು ಮುಚ್ಚಿದ್ದರೂ, ಆಚೆ ಕೋಣೆಯಲ್ಲಿ ಮಗು ಅತ್ತರೆ ಅದು ಹಸಿವಿನ ಅಳುವೋ, ಹೊಟ್ಟೆನೋವಿನದೋ, ಬರೀ ಹಟದ್ದೋ ಎಂದು ನಾನು ಕೂತಲ್ಲಿಂದಲೇ ಹೇಳಬಲ್ಲೆ. ಇಂಥ ಕಿವಿ ಪಡೆದವಳಿಗೆ ಹನ್ನೆರಡು ಗುಂಡಿಯ ಮಿಕ್ಸರ್ ಬೋರ್ಡು ಯಾವ ಲೆಕ್ಕ! "ಸೌಂಡ್ ನಾನೇ ನೋಡ್ಕೋತೀನಿ ಬಿಡಿ," ಎಂದು ಗಂಡನ ಬ್ಯಾಂಡಿನ ಮುಂದೆ ಘೋಷಿಸಿಯೇಬಿಟ್ಟೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಮೆಚ್ಚುಗೆ ಎಂದೇ ತಿಳಿದೆ.

ಘೋಷಣೆಗೆ ಕಾರಣವಿತ್ತು. ಇವರ ಸೌಂಡ್ ಆಪರೇಟರು, ಎಲ್ಲರ ಬಾಯಲ್ಲೂ ಕಿವಿಯಣ್ಣ, ಕಿವಿನೋವು ಬಂದು ಹತ್ತಿ ತುರುಕಿಕೊಂಡು ಮಲಗಿದ್ದ. ಕಾರ್ಯಕ್ರಮ ಭಾನುವಾರ ನಾಲ್ಕಕ್ಕೆ. ಸಭಾಂಗಣದ ಮ್ಯಾನೇಜರ್ ಮೇಡಂ ಖುದ್ದು ಕೂತು ಕೇಳುವವರಿದ್ದರು. ಹಿಡಿಸಿದರೆ ಪ್ರತಿ ಭಾನುವಾರವೂ ಇವರಿಗೇ, ಜೊತೆಗೆ ಅಭ್ಯಾಸಕ್ಕೆ ಅಲ್ಲಿನ ಹಿಂದಿನ ಕೋಣೆ. ಇವರ ಕಣ್ಣು ಭಾನುವಾರದ ಮೇಲೆ, ನನ್ನ ಕಣ್ಣು ಆ ಕೋಣೆಯ ಮೇಲೆ! ಏಕೆಂದರೆ ಆರು ತಿಂಗಳಿಂದ ಅಭ್ಯಾಸ ನಡೆಯುತ್ತಿರುವುದು ನಮ್ಮ ಮಲಗುವ ಕೋಣೆಯಲ್ಲಿ. ತೊಟ್ಟಿಲಿಗೂ ಡ್ರಮ್ಮಿಗೂ ನಡುವೆ ನಾನು ಅಡ್ಡಡ್ಡ ನಡೆಯುವಷ್ಟೇ ಜಾಗ. ಎಂಟು ತಿಂಗಳ ಮಗಳು ಇನ್ನೇನು ಕಣ್ಣು ಮುಚ್ಚಿದಳು ಎನ್ನುವಾಗ ಢಬ್! ಮೇಲಿನ ಮನೆಯವರು ನೆಲ ಕುಟ್ಟುತ್ತಾರೆ, ಅದೂ ತಾಳ ತಪ್ಪಿ. ಆ ಡ್ರಮ್ಮು ಮನೆ ಬಿಟ್ಟು ತೊಲಗುವುದಾದರೆ ಮಿಕ್ಸರೇನು, ವಿಮಾನ ಬೇಕಾದರೂ ನಡೆಸಲು ನಾನು ಸಿದ್ಧ.

ಕಿವಿಯಣ್ಣ ಫೋನಿನಲ್ಲಿ ನರಳುತ್ತಲೇ ಪಾಠ ಹೇಳಿದ. ಪ್ರತಿ ಗುಂಡಿಯ ಕೆಳಗೂ ಟೇಪು ಅಂಟಿಸಿ ಹೆಸರು ಬರೆದಿದ್ದಾನಂತೆ. ಎಷ್ಟು ಮೇಲಕ್ಕೆ ಜಾರಿಸಬೇಕೆಂದು ಪಕ್ಕದಲ್ಲೇ ಗೆರೆ ಎಳೆದಿದ್ದಾನಂತೆ. ಗೆರೆಗೆ ತಂದು ನಿಲ್ಲಿಸಿ ಕೈ ಕಟ್ಟಿ ಕೂರಬೇಕಂತೆ. "ಅಕ್ಕಾ, ನಿಮ್ಮ ಕೆಲಸ ಅಂದ್ರೆ ಏನೂ ಮಾಡದೇ ಇರೋದು," ಎಂದ. ತಾಯಿಯಾದವಳಿಗೆ ಹೇಳುವ ಮಾತೇ ಇದು?

ಮಗಳನ್ನು ಅತ್ತೆಯ ಕೈಗಿತ್ತು, ಹದಿನಾಲ್ಕು ಸೂಚನೆಗಳ ಚೀಟಿಯನ್ನು ಬಾಗಿಲಿಗೆ ಅಂಟಿಸಿ, ಹನ್ನೆರಡಕ್ಕೇ ಸಭಾಂಗಣ ಸೇರಿದೆ. ಬ್ಯಾಂಡಿನ ದೊಡ್ಡ ಸ್ಪೀಕರುಗಳನ್ನು ಸ್ಟ್ಯಾಂಡಿಗೆ ಏರಿಸಿದವನು ಡ್ರಮ್ಮಿನವನು. ಬಿದ್ದರೆ ಗತಿಯೇನು ಎಂದು ಮೂರು ಸಲ ಅಲ್ಲಾಡಿಸಿ ನೋಡಿ ಇನ್ನೇನು ಬೀಳಿಸಲಿದ್ದವಳು ನಾನು. ನೆಲದ ಮೇಲಿನ ವೈರುಗಳಿಗೆ ಒಂದಿಂಚೂ ಬಿಡದೆ ಟೇಪು ಅಂಟಿಸಿದೆ, ಅಂಬೆಗಾಲಿಡುವವರು ಅಲ್ಲಿ ಯಾರೂ ಇಲ್ಲದಿದ್ದರೂ. ಮೈಕುಗಳ ಸ್ಪಂಜಿನ ಟೋಪಿಗಳನ್ನು ಹಿಂದಿನ ದಿನವೇ ಹಾಲಿನ ಬಾಟಲಿಯ ಜೊತೆ ಕುದಿಸಿಟ್ಟಿದ್ದೆ. ಗಾಯಕನ ಮೈಕಿನದು ಯಾರೋ ಅಗಿದು ಬಿಟ್ಟಂತಾಗಿತ್ತು. ಪುಣ್ಯಾತ್ಮ, ಮಾತಾಡದೆ ಅದನ್ನು ಜೇಬಿಗೆ ಹಾಕಿಕೊಂಡ.

ಆಮೇಲೆ ಸಭಾಂಗಣದ ಹಿಂಬದಿಯಲ್ಲಿ ಬೋರ್ಡಿನ ಮುಂದೆ ಸಿಂಹಾಸನಾರೂಢಳಾದೆ. ಒಂದನೇ ಗುಂಡಿ ಗಾಯಕ, ಎರಡು ಗಿಟಾರು, ಎಲ್ಲವೂ ಗೆರೆಗೆ ಸರಿಯಾಗಿ. ಆರನೆಯದರ ಕೆಳಗೆ 'ಕೀಬೋರ್ಡಣ್ಣ, ಮೈಕು' ಎಂದಿತ್ತು. ಅಂದರೆ ನನ್ನ ಗಂಡ! ಗೆರೆ ಎಲ್ಲಿದೆ ಎಂದು ಹುಡುಕಿದೆ. ತಳದಲ್ಲಿತ್ತು. ಅಪ್ಪಟ ಸೊನ್ನೆ!

ಕಿವಿಯಣ್ಣನಿಗೆ ಐದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಇವರನ್ನೇ ಕೇಳೋಣವೆಂದರೆ, ಮೂರು ವರ್ಷದಿಂದ ಸತ್ತ ಮೈಕಿಗೆ ಹಾಡುತ್ತಿದ್ದೀರಿ ಎಂದು ಯಾವ ಬಾಯಿಂದ ಹೇಳಲಿ?

ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಮೂರನೇ ಸಾಲಿನಲ್ಲಿ ಕೂತ ಮೇಡಂ ಕಾಲಿನಲ್ಲಿ ತಾಳ ಹಾಕುತ್ತಿದ್ದರು. ಎರಡನೇ ಹಾಡಿಗೆ ಇವರು ಮೈಕಿಗೆ ತುಟಿ ತಗುಲಿಸಿ, ಕತ್ತಿನ ನರ ಉಬ್ಬಿಸಿ ಏನೋ ಹಾಡುತ್ತಿದ್ದಾರೆ. ಸಭೆಗೆ ಒಂದಕ್ಷರವೂ ಕೇಳದು. ನನ್ನೊಳಗಿನ ಪತ್ನೀಧರ್ಮ ತೋಳೇರಿಸಿ ಎದ್ದಿತು. ಆರನೇ ಗುಂಡಿಯನ್ನು ಗಾಯಕನ ಗೆರೆಗಿಂತ ಒಂದು ಬೆರಳು ಮೇಲೆಯೇ ತಂದೆ!

"ಡ್ರಮ್ಮು, ಓಡ್ಬೇಡ. ಯಾವ ಬಸ್ಸೂ ತಪ್ಪಿಹೋಗಲ್ಲ," ಎಂದು ನನ್ನ ಗಂಡನ ದನಿ ಸಭಾಂಗಣವೆಲ್ಲ ಮೊಳಗಿತು. "ಮುಂದಿನ ಸಾಲು, ಕಿಟಕಿ ತೆರೆದ ಗಾಳಿ. ಗಾಳಿ ಕಣೋ, ಗೋಡೆ ಅಲ್ಲ."

ಇನ್ನೂರು ಹಾಡು ಬಾಯಿಪಾಠವೆಂದು ಈಗತಾನೇ ಕೊಚ್ಚಿಕೊಂಡಿದ್ದ ಗಾಯಕ, "ಕಿಟಕಿ ತೆರೆದ ಗಾಳಿಯೇ," ಎಂದು ಭಾವಪರವಶನಾಗಿ ಹಾಡಿದ.

ಆಗ ಹೊಳೆಯಿತು. ಅದು ಹಾಡುವ ಮೈಕೇ ಅಲ್ಲ! ವೇದಿಕೆಯ ನೆಲದ ಮೇಲೆ ವಾದ್ಯದವರ ಕಡೆ ಮುಖ ಮಾಡಿದ ಪುಟ್ಟ ಸ್ಪೀಕರುಗಳಿಗೆ ಮಾತ್ರ ಹೋಗುವ ಮೈಕು. ಅದರಲ್ಲಿ ಇವರು ಬ್ಯಾಂಡನ್ನು ನಡೆಸುತ್ತಾರೆ. ವೇದಿಕೆಯವರಿಗೆ ಅದು ಯಾವಾಗಲೂ ಕೇಳುವ ದನಿಯೇ ಆದ್ದರಿಂದ ಅನಾಹುತ ಯಾರಿಗೂ ಗೊತ್ತಾಗಲಿಲ್ಲ. ಸಭೆಗೆ ಮಾತ್ರ ಗೊತ್ತಾಯಿತು. ಕಿಸಕ್ ಎಂದರು ಮುಂದಿನ ಸಾಲಿನವರು. ನಾನು ಅವಸರದಲ್ಲಿ ಗುಂಡಿಯನ್ನು ಕೆಳಕ್ಕೆ ಎಳೆದೆ. ಎಳೆದದ್ದು ಒಂದನೆಯದನ್ನು! ಗಾಯಕನ ದನಿ ಮಂಗಮಾಯ. ಅವನು ಬಾಯಿ ಆಡಿಸುತ್ತಲೇ ಗಾಬರಿಯಿಂದ ನನ್ನತ್ತ ನೋಡಿದ.

"ಬೋರ್ಡ್ ಕಡೆ ಯಾರೂ ನೋಡ್ಬೇಡಿ," ಎಂದಿತು ಗಂಡನ ದನಿ, ಬಲು ಶಾಂತವಾಗಿ. "ಅಲ್ಲಿರೋದು ನನ್ನ ಹೆಂಡ್ತಿ. ನೋಡಿದ್ರೆ ಗಾಬರಿಬಿದ್ದು ಇನ್ನೇನಾದ್ರೂ ಮುಟ್ಟಿಬಿಡ್ತಾಳೆ."

ಮುನ್ನೂರು ತಲೆಗಳು ಒಟ್ಟಿಗೆ ತಿರುಗಿ ನನ್ನನ್ನು ನೋಡಿದವು!

ಮುಂದಿನದು ಅರ್ಧಂಬರ್ಧ ನೆನಪು. ಸಭೆ ಹೊಟ್ಟೆ ಹಿಡಿದು ನಗುತ್ತಿತ್ತು. ಹೇಗೋ ಆರನೆಯದನ್ನು ಹುಡುಕಿ ಇಳಿಸಿದರೆ, ಹಿಂದಿನ ಸಾಲಿನ ಮುದುಕರೊಬ್ಬರು, ಯಾಕಮ್ಮಾ ತೆಗೆದ್ರಿ, ಇರ್ಲಿ ಬಿಡಿ ಎಂದು ಬೇಡಿಕೊಂಡರು.

ಕೊನೆಯ ಹಾಡು ಮುಗಿದದ್ದೇ ಇವರು ವೇದಿಕೆಯಿಂದ ಧುಮುಕಿ ಬಂದರು, ಮುಖ ಕೆಂಡ. ಹಿಂದೆಯೇ ಮೇಡಂ, ಕಣ್ಣೊರೆಸಿಕೊಳ್ಳುತ್ತ. ಕೋಣೆ ಕೈತಪ್ಪಿತು, ಇನ್ನು ಮಗಳು ಶಾಲೆ ಸೇರುವ ತನಕ ನಿದ್ದೆ ಮಾಡುವುದಿಲ್ಲ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು," ಎಂದರು ಮೇಡಂ. "ಪ್ರತಿ ಭಾನುವಾರ ನಿಮ್ದೇ. ಆದ್ರೆ ಆ ಮೈಕು ಹೀಗೇ ಕೇಳಿಸ್ಬೇಕು. ಬೋರ್ಡಲ್ಲಿ ಇವ್ರೇ ಕೂತಿರ್ಬೇಕು." ಹಿಂದಿನ ಕೋಣೆಯ ಬೀಗದಕೈಯನ್ನೂ ಚಾಚಿದರು.

ನಾನು ಎರಡೂ ಕೈ ಒಡ್ಡಿದೆ. ಅಷ್ಟರಲ್ಲಿ ಇವರು ವಿನಯದಿಂದ ಅದನ್ನು ಹಿಂದಕ್ಕೆ ಸರಿಸಿದರು.

"ಕೋಣೆ ಬೇಡ ಮೇಡಂ. ಇನ್ಮೇಲೆ ಪ್ರಾಕ್ಟೀಸು ಎಲ್ರಿಗಿಂತ ಹೆಚ್ಚು ಬೇಕಿರೋದು ಇವಳಿಗೇ. ಮಗು ಬಿಟ್ಟು ದಿನಾ ಇಲ್ಲಿಗೆ ಬರೋಕಾಗಲ್ಲ. ಮನೇಲೇ ಮಾಡ್ಕೋತೀವಿ."

ನಾನು ಬೀಗದಕೈಗೆ ಇನ್ನೊಮ್ಮೆ ಕೈ ಚಾಚಿದೆ. ಡ್ರಮ್ಮಿನವನು ಆಗಲೇ ದೊಡ್ಡ ಸ್ಪೀಕರುಗಳನ್ನು ಗೇಣು ಹಾಕಿ ಅಳೆಯುತ್ತಿದ್ದ.

"ಅಕ್ಕಾ," ಎಂದ, "ನಿಮ್ಮ ಮಂಚ ಗೋಡೆಗೆ ಸರಿಸಿದ್ರೆ ಇವೆರಡೂ ಅಲ್ಲೇ ಹಿಡಿಸ್ತವೆ, ಅಲ್ವಾ?"