ನಷ್ಟ ಅವರದು, ತಲೆನೋವು ನನ್ನದು

ನಾನು ಸರ್ವೇಯರ್. ಜಾಗ ಅಳೆಯುವವನಲ್ಲ, ಅಂಗಡಿ, ಕಾರ್ಖಾನೆಗಳಿಗೆ ಬೆಂಕಿಯೋ ನೀರೋ ಹೊಕ್ಕಾಗ ವಿಮಾ ಕಂಪನಿಯ ಪರವಾಗಿ ಹೋಗಿ, ಹಾಳಾದದ್ದು ಏನು, ಎಷ್ಟು ಎಂದು ವರದಿ ಬರೆಯುವವನು. ಎಷ್ಟು ಬಿಡಿಸಿ ಹೇಳಿದರೂ ತಿಂಗಳಿಗೊಬ್ಬರಾದರೂ ನನ್ನನ್ನು ಗಡಿಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ಹೀಗೆ ಶುರುವಾಗುವ ಕೆಲಸ ನೆಟ್ಟಗೆ ಮುಗಿಯುವುದಾದರೂ ಹೇಗೆ?

ಬಂಟ್ವಾಳದ ಮರ್ಯಾದೆ

ನೇತ್ರಾವತಿ ಉಕ್ಕಿ ಪೇಟೆಯೊಳಗೆ ನೀರು ಬಂದ ವರ್ಷ. ಬಟ್ಟೆ ಅಂಗಡಿಯ ಸಾಹೇಬರೊಬ್ಬರು ಫೋನ್ ಮಾಡಿದರು. ಹಬ್ಬಕ್ಕೆಂದು ತಂದ ಸರಕೆಲ್ಲ ಸೊಂಟದೆತ್ತರದ ನೀರಿನಲ್ಲಿ. "ಧೈರ್ಯ ಮಾಡಿ, ನೀರು ಇಳಿದ ಕೂಡಲೇ ಬರ್ತೇನೆ" ಎಂದೆ.

ರಸ್ತೆ ತೆರೆದು ನಾನು ತಲುಪುವಾಗ ನಾಲ್ಕು ದಿನ ಕಳೆದಿತ್ತು. ನೋಡಿದರೆ ನೆಲ ಫಳಫಳ, ಫಿನೈಲಿನ ಪರಿಮಳ, ಗೋಡೆಗೆ ಹೊಸ ಸುಣ್ಣ.

"ಸಾಹೇಬರೇ, ನೀರು ಬಂದ ಅಂಗಡಿ ಯಾವುದು?"

"ಇದೇ ಸಾರ್."

"ಕೆಸರು ಎಲ್ಲಿ?"

"ಅಯ್ಯೋ, ನೀವು ಬರುವವರು. ಕೆಸರಿನಲ್ಲಿ ಕೂರಿಸುವುದಾ? ಮನೆಯವರೆಲ್ಲ ಸೇರಿ ತೊಳೆದೆವು."

"ಒದ್ದೆಯಾದ ಸೀರೆಗಳು?"

"ಹೆಂಡತಿ ಒಗೆದು ಇಸ್ತ್ರಿ ಹಾಕಿ ಇಟ್ಟಿದ್ದಾಳೆ."

"ಫೋಟೋ ಆದರೂ ತೆಗೆದಿದ್ದೀರಾ?"

"ಉಂಟಲ್ಲ!" ಎಂದು ಮೊಬೈಲ್ ಕೊಟ್ಟರು. ಎಲ್ಲವೂ ತೊಳೆದ ನಂತರದ ಫೋಟೋ. ಕೆಸರಿನ ಫೋಟೋ ತೆಗೆದರೆ ಅಂಗಡಿಯ ಹೆಸರು ಹಾಳಾಗುತ್ತದಂತೆ.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಕೊನೆಗೆ ಕಾಪಾಡಿದ್ದು ಪಕ್ಕದ ಅಂಗಡಿ. ಅದರ ಮಾಲೀಕ ದುಬೈಯಲ್ಲಿದ್ದ, ಬೀಗ ಹಾಕಿತ್ತು, ಹೊರಗೋಡೆಯ ಮೇಲೆ ಕೆಸರಿನ ಗೆರೆ ಹಾಗೇ ಇತ್ತು. ಅದನ್ನು ಅಳೆದು, ಖರೀದಿ ಬಿಲ್ಲುಗಳನ್ನು ತರಿಸಿ, ಬಣ್ಣ ಬಿಟ್ಟ ಸೀರೆಗಳನ್ನು ಒಂದೊಂದಾಗಿ ಬಿಡಿಸಿ ವರದಿ ಬರೆದೆ.

ಹಣ ಬಂದ ದಿನ ಸಾಹೇಬರು ಸಂತೋಷದಿಂದ ಫೋನ್ ಮಾಡಿದರು: "ಪಕ್ಕದ ಗೋಡೆಗೂ ಬಳಿಯುವ ಅಂತ ಇದ್ದೆವು ಸಾರ್. ಪುಣ್ಯಕ್ಕೆ ಸುಣ್ಣ ಮುಗಿಯಿತು!"

ಬೆಳ್ತಂಗಡಿಯ ಬೇಕರಿ

ಬೇಕರಿಯ ವಯರಿಂಗ್ ಶಾರ್ಟ್ ಆಗಿ ಹಿಟ್ಟು ಕಲಸುವ ಯಂತ್ರ ಸುಟ್ಟುಹೋಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಮಾಲೀಕರು ಅರ್ಜಿ ತುಂಬಿ ಕೊಟ್ಟರು. 'ಬೆಂಕಿಗೆ ಕಾರಣ' ಎಂಬಲ್ಲಿ 'ಕಣ್ಣು ಬಿದ್ದದ್ದು' ಎಂದು ಬರೆದಿದ್ದರು.

"ವಯರಿಂಗ್ ಅಂತ ಬರೆಯಿರಿ ಮಾರಾಯ್ರೆ."

"ವಯರಿಂಗೇ. ಆದರೆ ಅದು ಕೆಟ್ಟದ್ದು ಯಾಕೆ? ಅದನ್ನು ಬರೆದದ್ದು."

ಮುಂದಿನ ಸಾಲು, 'ನಷ್ಟ ತಡೆಯಲು ಕೈಗೊಂಡ ಕ್ರಮ'. ಉತ್ತರ: 'ಬೊಬ್ಬೆ ಹಾಕಿದೆ.'

"ಬೆಂಕಿ ಆರಿಸುವ ಸಿಲಿಂಡರ್ ಗೋಡೆಯಲ್ಲೇ ಉಂಟಲ್ಲ!"

"ಅದರ ಮೇಲೆ 'ತುರ್ತು ಸಂದರ್ಭಕ್ಕೆ ಮಾತ್ರ' ಅಂತ ಬರೆದಿದೆ ಸಾರ್. ಅಷ್ಟು ದೊಡ್ಡದಾಗಲಿ, ಆಮೇಲೆ ತೆಗೆಯುವ ಅಂತ."

ಮೂಡುಬಿದಿರೆಯ ಆರೋಪಿ

ಪುತ್ತಿಗೆಯ ಹತ್ತಿರ ಒಬ್ಬರಿಗೆ ಗಾಜು, ಕನ್ನಡಿಯ ಅಂಗಡಿ. ಒಂದು ಬ್ಯೂಟಿ ಪಾರ್ಲರಿನವರು ಹೇಳಿ ಮಾಡಿಸಿದ ಆಳೆತ್ತರದ ಹತ್ತು ಕನ್ನಡಿಗಳನ್ನು ಸಾಲಾಗಿ ನಿಲ್ಲಿಸಿ, ಅಂಗಡಿಯವರು ಊಟಕ್ಕೆ ಹೋಗಿದ್ದರು. ಅಷ್ಟರಲ್ಲಿ ಮಂಗ ಒಳಗೆ ಬಂತು. ಎದುರಿಗೆ ಹತ್ತು ಮಂಗ! ಹಲ್ಲು ಕಿರಿಯಿತು, ಅವೂ ಕಿರಿದವು. ಪಾಪ, ಒಂದೇ ಮಂಗ ಹತ್ತರ ಮೇಲೂ ಬಿತ್ತು. ಒಂದು ಕನ್ನಡಿಯೂ ಉಳಿಯಲಿಲ್ಲ. ಪಾರ್ಲರಿನ ಉದ್ಘಾಟನೆಗೆ ಮೂರೇ ದಿನ ಇತ್ತು. ಅಂಗಡಿಯವರು ಅಳುವುದೊಂದು ಬಾಕಿ.

ಆಕಸ್ಮಿಕವಾಗಿ ಗಾಜು ಒಡೆದರೆ ಪರಿಹಾರ ಉಂಟು. ಹಾಗೆಂದು ನಾನು ಬರೆದೆ. ಕಂಪನಿಯ ಆಫೀಸಿನಲ್ಲಿ ಯಾರೋ ಪೂರ್ತಿ ಓದದೆ ಉತ್ತರಿಸಿದರು: 'ಹೊರಗಿನವರು ನುಗ್ಗಿ ಹಾನಿ ಮಾಡಿದ್ದರೆ ಪೊಲೀಸ್ ದೂರಿನ ಪ್ರತಿ ಕಳುಹಿಸಿ.'

ಠಾಣೆಗೆ ಹೋದೆವು. ಪೊಲೀಸರು ಮೇಲೆ ಬೆರಳು ತೋರಿಸಿದರು. "ಮಂಗ ನಮ್ಮದೇ ಹಂಚು ತೆಗೆದು ಹಾಕಿದೆ. ನಾವು ಯಾರಿಗೆ ದೂರು ಕೊಡುವುದು?"

ಇನ್ನೊಂದು ಕಾಗದ ಬಂತು: 'ಆರೋಪಿಗೂ ನಿಮಗೂ ಹಳೆಯ ದ್ವೇಷ ಇತ್ತೇ?' ನಾನು ತಡೆಯುವ ಮೊದಲೇ ಇವರು ಬರೆದುಬಿಟ್ಟರು: 'ಹೌದು. ಹಿಂದಿನ ವಾರ ನನ್ನ ಬಾಳೆಹಣ್ಣು ತಿಂದದ್ದಕ್ಕೆ ಕೋಲು ಬೀಸಿದ್ದೆ.'

"ಇದನ್ನೆಲ್ಲ ಯಾಕೆ ಬರೆದಿರಿ?"

"ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ."

ಆ ಕೋಲಿನ ಕಥೆ ತೊಳೆದು, ಇದು ಆಕಸ್ಮಿಕವೇ ಎಂದು ಕಂಪನಿಯನ್ನು ಒಪ್ಪಿಸಲು ನನಗೆ ಎರಡು ತಿಂಗಳು ಹಿಡಿಯಿತು. ಅಂತೂ ಕ್ಲೇಮು ಪಾಸಾಯಿತು. ಕೊನೆಯ ಕಾಗದವೊಂದಕ್ಕೆ ಸಹಿ ಬಾಕಿ. ಹಾನಿ ಮಾಡಿದವರಿಂದ ಹಣ ವಸೂಲಿ ಮಾಡುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವ ಪತ್ರ ಅದು. ಎಲ್ಲ ಕ್ಲೇಮಿಗೂ ಇರುವಂಥದ್ದೇ. ಇವರು ಎರಡು ಸಲ ಓದಿ, ಸಹಿ ಹಾಕಿ, ಕೆಳಗೆ ನೀಟಾಗಿ ಸೇರಿಸಿದರು:

'ವಸೂಲಿಗೆ ಬರುವವರ ಗಮನಕ್ಕೆ: ಆರೋಪಿ ಎದುರಿನ ಹಲಸಿನ ಮರದಲ್ಲಿ ಉಂಟು. ಬೆಳಿಗ್ಗೆ ಎಂಟರ ಒಳಗೆ ಬಂದರೆ ಸಿಗುತ್ತದೆ. ಬರುವಾಗ ಕನ್ನಡಕ ತೆಗೆದಿಡಿ.'