ಗೇರು ಸೈಕಲ್ಲಿನ ಸೊಟ್ಟ ಕೈ

ನನ್ನ ಹೆಂಡತಿ ನೀಲಾವತಿಗೆ ಬುದ್ಧಿಯಿಲ್ಲ ಎಂದು ನಾನು ಹೇಳುವುದಿಲ್ಲ. (ಹೇಳಿ ಬದುಕುವುದುಂಟೆ?) ಆದರೆ ಗಂಡ ಯಂತ್ರಶಾಸ್ತ್ರದಲ್ಲಿ ಮುಳುಗಿರುವಾಗ ಬೆನ್ನ ಹಿಂದೆ ನಿಂತು ಸಲಹೆ ಕೊಟ್ಟರೆ ಯಾವ ಮಹಾಪುರುಷ ಸಹಿಸಿಯಾನು?

ನಮ್ಮ ಎಸ್ಟೇಟಿನ ದೊರೆ ವಿಲಾಯತಿಗೆ ಮರಳುವಾಗ, ಲೆಕ್ಕ ಬರೆಯುವ ರೈಟರನಾದ ನನಗೆ ತನ್ನ ಗೇರು ಸೈಕಲ್ಲನ್ನು ದಯಪಾಲಿಸಿದ್ದ. ಹಿಂದಿನ ಗಾಲಿಗೆ ಮೂರು ಹಲ್ಲುಚಕ್ರ. ಸರಪಳಿಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಲು ಕೆಳಗೊಂದು ಕಬ್ಬಿಣದ ಕೈ. ದೊಡ್ಡ ಚಕ್ರಕ್ಕೆ ಹಾಕಿದರೆ ಏರು ಹಗುರ. ಬಣ್ಣ ಮಾಸೀತೆಂದು ನಾನು ಆಫೀಸಿಗೆ ನಡೆದೇ ಹೋಗುತ್ತಿದ್ದೆ. ಆಯುಧ ಪೂಜಿಸುವ ಕೈಲುಮುಹೂರ್ತ ಹಬ್ಬದ ದಿನ ಮಾತ್ರ ನೀಲಾವತಿಯನ್ನು ಕ್ಯಾರಿಯರಿನಲ್ಲಿ ಕೂರಿಸಿ, ಸಂಪಾಜೆಯಿಂದ ಘಾಟಿ ಹತ್ತಿ ಅವಳ ತವರಿನ ಊಟಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದೆ. ಮದುವೆಯಾದ ಮೇಲೆ ಆ ಹಬ್ಬಕ್ಕೆ ಅವಳು ತವರು ಕಂಡಿರಲಿಲ್ಲ.

ಹಬ್ಬದ ಬೆಳಿಗ್ಗೆ ನೋಡಿದರೆ, ದೊಡ್ಡ ಚಕ್ರಕ್ಕೆ ದಾಟಿಸಿದೊಡನೆ ಆ ಕೈ ಗಾಲಿಯ ಕಡ್ಡಿಗಳಿಗೆ ಕಟಕಟ ಬಡಿಯುತ್ತಿದೆ! ಕೈಯನ್ನು ಎಳೆಯುವ ತಂತಿ ಬಿಗಿದೆ, ಸಡಿಲಿಸಿದೆ, ದೊರೆಯನ್ನು ಬೈದೆ. ಬೆನ್ನ ಹಿಂದೆ ನೀಲಾವತಿ ಬಂದು ನಿಂತಳು.

"ತಂತಿಯದ್ದಲ್ಲ ಮಾರಾಯ್ರೆ, ಕೈಯೇ ಒಳಗೆ ಬಾಗಿದೆ. ಕೋವಿಯಲ್ಲಿ ಗುರಿ ಹಿಡಿದ ಹಾಗೆ ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಿ. ಚಕ್ರದ ಸೀದಾ ಕೆಳಗೆ ಉಂಟಾ ಅದು?"

ನೋಡಿದೆ. ಎರಡು ಕಣ್ಣೂ ಮುಚ್ಚಿಕೊಳ್ಳುವಷ್ಟು ಸೊಟ್ಟಗಿತ್ತು.

"ಸ್ಪ್ಯಾನರು ತಾ."

"ಯಾವುದು, ನೀವೇ ಪೂಜೆಗೆ ಇಟ್ಟದ್ದಾ?"

ಹೌದು. ಭಕ್ತಿಯ ಭರದಲ್ಲಿ ಕೋವಿ, ಕತ್ತಿಗಳ ಪಕ್ಕದಲ್ಲಿ ಸ್ಪ್ಯಾನರಿಗೂ ಗಂಧ ಹಚ್ಚಿ, ಹೂ ಮುಡಿಸಿ ಕೂರಿಸಿದ್ದೆ. ಪೂಜೆ ಮುಗಿಯದೆ ಆಯುಧ ಮುಟ್ಟುವಂತಿಲ್ಲ. ಪೂಜೆ ಮಾಡಬೇಕಾದ ನಮ್ಮ ದೊಡ್ಡಪ್ಪ ಗುರುವಪ್ಪನವರು ಇನ್ನೂ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು. ನೀಲಾವತಿ ಹೊಸ ಸೀರೆಯುಟ್ಟು ಜಗಲಿಯಲ್ಲಿ ಕೂತು ಘಾಟಿಯ ಕಡೆಗೇ ನೋಡುತ್ತಿದ್ದಳು. ನಾನು ಹೋಗಿ ದೊಡ್ಡಪ್ಪನ ಒಲೆಗೆ ಇನ್ನೆರಡು ಸೌದೆ ತುರುಕಿದೆ.

ಮಂಗಳಾರತಿ ಆದದ್ದೇ ತಡ, ಸ್ಪ್ಯಾನರಿನ ಬಾಯಿಗೆ ಕಬ್ಬಿಣದ ಕೈಯನ್ನು ಸಿಕ್ಕಿಸಿ ಹೊರಕ್ಕೆ ಮೀಟಿದೆ.

"ಮೆಲ್ಲ! ಇನ್ನೊಂಚೂರು. ಸಾಕು, ಸಾಕು!"

ಪೆಡಲು ತಿರುಗಿಸಿದರೆ ಸರಪಳಿ ಸದ್ದಿಲ್ಲದೆ ದೊಡ್ಡ ಚಕ್ರ ಏರಿತು.

"ಆದರೂ ಇದನ್ನು ಬಗ್ಗಿಸಿದ ಮಹಾನುಭಾವ ಯಾರು?" ಎಂದೆ.

"ನಾನೇ. ನೀವು ಆಫೀಸಿಗೆ ಹೋದಾಗ ಸೈಕಲ್ಲು ಕಲಿತದ್ದು. ಮೊನ್ನೆ ಬಲಕ್ಕೆ ಬಿದ್ದೆ. ಈಗ ಬೀಳುವುದಿಲ್ಲ."

ಬೈಯಲು ಹೊತ್ತಿರಲಿಲ್ಲ. ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಘಾಟಿಯ ಮೊದಲ ತಿರುವಿನಲ್ಲೇ ಏದುಸಿರು ಬಂತು. ಗೇರು ಸರಿಯಿತ್ತು, ನಾನು ಸರಿಯಿರಲಿಲ್ಲ.

"ಇಳೀರಿ," ಎಂದಳು. ಸೀರೆ ಎತ್ತಿ ಕಟ್ಟಿದಳು. ತವರಿಗೆಂದು ಅವಳು ಹಿಡಿದಿದ್ದ ಕಡುಬಿನ ಬುಟ್ಟಿ ನನ್ನ ಮಡಿಲಿಗೆ ಬಂತು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ತವರಿನ ಅಂಗಳ ತಲುಪಿದೆವು. ಮಗಳು ತುಳಿಯುತ್ತಾ, ಅಳಿಯ ಬುಟ್ಟಿ ಅಪ್ಪಿಕೊಂಡು ಕ್ಯಾರಿಯರಿನಲ್ಲಿ ಕೂತಿರುವುದನ್ನು ಕಂಡ ಮಾವ, ಗಾಬರಿಯಿಂದ ಓಡಿ ಬಂದರು.

"ಅಯ್ಯೋ, ಅಳಿಯಂದಿರ ಕಾಲಿಗೆ ಎಂತ ಆಯ್ತು?"